ಗೂಗಲ್‌ಗೆ ಬಾಡಿಗೆ ಹೇಳದ ಕಲ್ಯಾಣ ಮಂಟಪ

"ಗೂಗಲ್‌ನಾಗೆ ನಮ್ದು ಫಸ್ಟ್ ಬರ್ಬೇಕು, ಎಷ್ಟಾಗುತ್ತೆ?"

ದಾವಣಗೆರೆಯಲ್ಲಿ ನನ್ನ ಹಾಗೆ, ಗೂಗಲ್ ಹುಡುಕಾಟದಲ್ಲಿ ಸಿಗುವಂತೆ ವೆಬ್‌ಸೈಟ್ ತಿದ್ದಿಕೊಡುವ ಕೆಲಸ ಮಾಡುವ ಯಾರಿಗೇ ಆದರೂ ಫೋನಿನಲ್ಲಿ ಮೊದಲು ಬೀಳುವ ಮಾತು ಇದೇ. ಬಟ್ಟೆ ಅಂಗಡಿಯವರು, ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಮಾಡುವವರು, ಹುಡುಗಿಯರ ಪಿ.ಜಿ. ನಡೆಸುವವರು, ಎಲ್ಲರೂ ಕೇಳುವುದು ಇಷ್ಟನ್ನೇ. ಫಸ್ಟ್ ತರಿಸುತ್ತೇನೆ ಅಂತ ಯಾರೂ ಗ್ಯಾರಂಟಿ ಕೊಡಲು ಸಾಧ್ಯವಿಲ್ಲ ಎಂದು ಗೂಗಲ್‌ನವರೇ ತಮ್ಮ ಸಹಾಯದ ಪುಟಗಳಲ್ಲಿ ಬರೆದಿದ್ದಾರೆ. ಅದನ್ನು ಹೇಳಿದರೆ ಅರ್ಧ ಜನ ಗ್ಯಾರಂಟಿ ಕೊಡುವವರನ್ನು ಹುಡುಕಿಕೊಂಡು ಹೋಗುತ್ತಾರೆ. ಉಳಿದವರಿಗೆ ನಾನು ತಿರುಗಿ ಕೇಳುತ್ತೇನೆ: ಯಾವ ಪೇಜು ಫಸ್ಟ್ ಬರಬೇಕು? ಯಾರು, ಏನು ಟೈಪ್ ಮಾಡಿದಾಗ?

ಇದು ತಲೆಹರಟೆ ಪ್ರಶ್ನೆಯಲ್ಲ. ಹುಡುಕಿದಾಗ ಗೂಗಲ್ ನಮ್ಮ ಮುಂದೆ ಇಡುವುದು ಪೇಜುಗಳನ್ನು. ಸೈಟಿಗೆ ಒಳ್ಳೆಯ ಹೆಸರಿದ್ದರೆ ಸಹಾಯವಾಗುತ್ತದೆ, ಬೇರೆಯವರು ಲಿಂಕ್ ಕೊಟ್ಟಿದ್ದರೂ ಆಗುತ್ತದೆ, ಆದರೆ ಕೊನೆಗೆ ಒಬ್ಬ ಮನುಷ್ಯನ ಒಂದು ಪ್ರಶ್ನೆಗೆ ಎದುರಾಗುವುದು ಒಂದು ಪೇಜು. ಆ ಪೇಜಿನಲ್ಲಿ ಉತ್ತರ ಇದೆಯೋ ಇಲ್ಲವೋ ಅನ್ನುವುದೇ ಮುಕ್ಕಾಲು ಪಾಲು ಕೆಲಸ. ನಮ್ಮೂರಿನ ಬಹುತೇಕ ಪೇಜುಗಳಲ್ಲಿ ಉತ್ತರ ಇರುವುದಿಲ್ಲ, ಯಾಕೆಂದರೆ ಅವು ಮಾಲೀಕರಿಗೆ ಖುಷಿಯಾಗಲಿ ಅಂತ ಮಾಡಿದವು.

ಒಂದು ಕಲ್ಯಾಣ ಮಂಟಪದ ಪೇಜನ್ನೇ ಹೇಳುತ್ತೇನೆ. ಹೆಸರು ಬೇಡ, ಊರು ದಾವಣಗೆರೆ ಅಂದರೆ ಸಾಕು. ಪೇಜ್ ತೆರೆದ ಕೂಡಲೇ "ಸುಸ್ವಾಗತ" ಅಂತ ಮಿಣುಕುವ ಅಕ್ಷರ. ಅದರ ಕೆಳಗೆ ಸಂಸ್ಥಾಪಕರ ಹಾರ ಹಾಕಿದ ಫೋಟೋ. ಆಮೇಲೆ ಒಂದರ ಹಿಂದೆ ಒಂದು ಸರಿಯುವ ಮದುವೆ ಫೋಟೋಗಳು. ಎಲ್ಲ ದಾಟಿ ಕೆಳಗೆ ಹೋದರೆ ಲಗ್ನಪತ್ರಿಕೆಯ ಹಾಗೆ ಕಾಣುವ ಒಂದೇ ದೊಡ್ಡ ಚಿತ್ರ. ಮಂಟಪದ ಹೆಸರು, ವಿಳಾಸ, ಸೌಲಭ್ಯಗಳು, ಫೋನ್ ನಂಬರ್, ಎಲ್ಲವೂ ಆ ಚಿತ್ರದೊಳಗೆ.

"ಗೌಡ್ರೇ, ಈ ಪೇಜಿನಾಗೆ ಕಲ್ಯಾಣ ಮಂಟಪ ಅನ್ನೋ ಮಾತೇ ಇಲ್ವಲ್ಲ" ಅಂತ ಮಂಟಪದ ಮಾಲೀಕರಿಗೆ ಅಂದೆ.

"ಏನಮ್ಮಾ ನೀನು, ಅಷ್ಟು ದೊಡ್ಡದಾಗಿ ಐತಲ್ಲ!" ಅಂತ ಸ್ಕ್ರೀನಿಗೇ ಬೆರಳು ಒತ್ತಿ ತೋರಿಸಿದರು.

"ಹಂಗಾದ್ರೆ ಆ ನಂಬರ್ ಒತ್ತಿ ಫೋನ್ ಮಾಡ್ರಿ ನೋಡೋಣ."

ಒತ್ತಿದರು. ಚಿತ್ರ ದೊಡ್ಡದಾಯಿತು, ಅಷ್ಟೇ. ಚಿತ್ರದೊಳಗಿನ ನಂಬರಿಗೆ ಕರೆ ಹೋಗುವುದಿಲ್ಲ. ಮುಖ್ಯವಾದ ಮಾತನ್ನು ಚಿತ್ರದಲ್ಲಿ ಇಡಬೇಡಿ, ಅಕ್ಷರದಲ್ಲೇ ಬರೆಯಿರಿ ಅನ್ನುವುದು ಗೂಗಲ್‌ನದೂ ಸಲಹೆ. ಅಕ್ಷರವಾಗಿ ಆ ಪೇಜಿನಲ್ಲಿ ಉಳಿದಿದ್ದು ಹೋಮ್, ನಮ್ಮ ಬಗ್ಗೆ, ಗ್ಯಾಲರಿ, ಸಂಪರ್ಕಿಸಿ, ಮತ್ತು ತಳದಲ್ಲಿ ಕಾಪಿರೈಟ್ ಸಾಲು. ಇದನ್ನು ಓದಿ ಯಾವ ಸರ್ಚ್ ಎಂಜಿನ್ ತಾನೇ ಇಲ್ಲಿ ಮದುವೆ ನಡೆಯುತ್ತದೆ ಅಂತ ಊಹಿಸಬೇಕು?

ಇದು ಆ ಗೌಡರೊಬ್ಬರ ಪಾಡಲ್ಲ. ನಮ್ಮ ಕಡೆ ಡಿ.ಟಿ.ಪಿ. ಅಂಗಡಿಯಲ್ಲಿ ಕರಪತ್ರ ಮಾಡಿಸುತ್ತಾರೆ, ಅದೇ ಫೈಲನ್ನು ವೆಬ್‌ಸೈಟಿಗೂ ಏರಿಸುತ್ತಾರೆ. ಚಿತ್ರವಾಗಿ ಏರಿಸಿದರೆ ಹೀಗೆ. ಇನ್ನು ಕೆಲವರು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ನೇರ ಕಾಪಿ ಹೊಡೆದು ಪೇಜಿಗೆ ಅಂಟಿಸುತ್ತಾರೆ. ಅದು ಇನ್ನೂ ಮೋಸ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಚೆಂದದ ಕನ್ನಡ ಕಾಣುತ್ತದೆ. ಫಾಂಟ್ ತೆಗೆದರೆ ಒಳಗಿರುವುದು ತಲೆ ಮೇಲೆ ಗೆರೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು. "ನ" ಇರಬೇಕಾದ ಜಾಗದಲ್ಲಿ ಪೌಂಡ್ ಗುರುತು. ಗೂಗಲ್ ಓದುವುದು ಒಳಗಿನದನ್ನು. ಯಾರಾದರೂ ಕನ್ನಡದಲ್ಲಿ "ಕಲ್ಯಾಣ ಮಂಟಪ" ಅಂತ ಹುಡುಕಿದರೆ ಆ ಪೇಜಿನಲ್ಲಿ ಅಂಥ ಅಕ್ಷರವೇ ಇಲ್ಲ. ಎಲ್ಲ ಕಂಪ್ಯೂಟರಿಗೂ ಕನ್ನಡ ಅಂತಲೇ ಅರ್ಥವಾಗುವ ಯುನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗಳು ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳ ಮೇಲೆ ಒಂದು ಸಲ ಕಣ್ಣಾಡಿಸಿ, ಅಲ್ಲೇ ಎಡವಟ್ಟಾಗುವುದು.

ಸರಿ, ಅಕ್ಷರದಲ್ಲಿ ಬರೆಯಬೇಕು. ಏನು ಬರೆಯಬೇಕು?

ಜನ ಯಾವ ಪದ ಎಷ್ಟು ಹುಡುಕುತ್ತಾರೆ ಅಂತ ತೋರಿಸುವ ಕೀವರ್ಡ್ ಟೂಲ್ ತೆರೆದು ಕೂರುವುದು ರೂಢಿ. ಬೆಂಗಳೂರಿನಂಥ ಊರಿಗೆ ಅದು ನಡೆಯುತ್ತದೆ. ನಮ್ಮೂರಿನ ಕಲ್ಯಾಣ ಮಂಟಪದ ಬಗ್ಗೆ ಜನ ಕೇಳುವ ಸಣ್ಣಪುಟ್ಟ ಮಾತುಗಳು ಆ ಟೂಲಿನಲ್ಲಿ ಕಾಣುವುದೇ ಇಲ್ಲ. ಹಾಗಾಗಿ ನಾನು ಮಂಟಪದ ಆಫೀಸಿನಲ್ಲಿ ಫೋನ್ ಎತ್ತುವ ಮ್ಯಾನೇಜರ್ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಬುಕಿಂಗ್ ಡೈರಿಯ ಹಿಂದಿನ ಹಾಳೆಯಲ್ಲಿ ಕರೆ ಮಾಡಿದವರ ಪ್ರಶ್ನೆಗಳನ್ನು ಅವರ ಬಾಯಿಮಾತಿನಲ್ಲೇ ಬರೆದುಕೊಂಡೆ.

ಒಂದು ಪಂಕ್ತಿಗೆ ಎಷ್ಟು ಎಲೆ? ಅಡುಗೆ ಪಾತ್ರೆ ನಿಮ್ದೇ ಕೊಡ್ತೀರಾ, ಹೊರಗಿಂದ ತರ್ಬೇಕಾ? ಹಿಂದಿನ ದಿನ ಎಷ್ಟೊತ್ತಿಗೆ ಬೀಗ ಕೊಡ್ತೀರಿ? ಗಂಡಿನ ಕಡೆಯವರಿಗೆ ರೂಮು ಎಷ್ಟು? ಕರೆಂಟ್ ಹೋದ್ರೆ ಜನರೇಟರ್ ಡೀಸೆಲ್ ಯಾರ್ದು? ಜಗಳೂರಿಂದ ಎರಡು ಬಸ್ ಬರ್ತವೆ, ನಿಲ್ಸಾಕೆ ಜಾಗ ಐತಾ? ಮಾರನೇ ದಿನ ಬೀಗರೂಟ ಅಲ್ಲೇ ಮಾಡಬಹುದಾ, ನಾನ್‌ವೆಜ್ ಬಿಡ್ತೀರಾ?

ಇಂಥ ಪ್ರಶ್ನೆ ಒಂದಕ್ಕೂ ಹಳೆಯ ಪೇಜಿನಲ್ಲಿ ಉತ್ತರ ಇರಲಿಲ್ಲ. ಇದ್ದದ್ದು "ಸುಸಜ್ಜಿತ, ವಿಶಾಲ, ಭವ್ಯ" ಅನ್ನುವ ವಿಶೇಷಣಗಳು. ರಾತ್ರಿ ಊಟ ಮುಗಿಸಿ, ಮಗಳ ಮದುವೆಗೆ ಜಾಗ ಹುಡುಕುತ್ತಾ ಮೊಬೈಲ್ ಹಿಡಿದು ಕೂತ ತಂದೆಗೆ ಭವ್ಯ ಕಟ್ಟಿಕೊಂಡು ಏನಾಗಬೇಕು? ಎಲೆ ಎಷ್ಟು ಹೇಳಿ.

ಹೊಸ ಪೇಜಿನ ಮೊದಲ ಸಾಲನ್ನೇ ಹೀಗೆ ಶುರು ಮಾಡಿದೆ: "ಊಟದ ಹಾಲ್‌ನಲ್ಲಿ ಒಂದು ಪಂಕ್ತಿಗೆ 250 ಎಲೆ. ಅಡುಗೆ ಪಾತ್ರೆ ನಮ್ಮದೇ, ಗ್ಯಾಸ್ ಸಿಲಿಂಡರ್ ನಿಮ್ಮದು. ಹಿಂದಿನ ದಿನ ಸಂಜೆ 4ಕ್ಕೆ ಬೀಗ ಕೊಡುತ್ತೇವೆ." ಓದಿದ ಗೌಡರಿಗೆ ಬೇಸರ. "ಇದೇನಮ್ಮಾ ಕರಾರು ಪತ್ರ ಬರ್ದಂಗೆ ಐತಿ, ಸ್ವಾಗತ ಅಂತನಾದ್ರೂ ಬೇಡ್ವಾ?" ಅಂದರು. ಸ್ವಾಗತವನ್ನು ಸಣ್ಣದಾಗಿ ಕೆಳಗೆ ಇಟ್ಟೆ, ಅವರ ತಂದೆಯವರ ಫೋಟೋವನ್ನು "ನಮ್ಮ ಬಗ್ಗೆ" ಪೇಜಿಗೆ ಗೌರವವಾಗಿ ಸಾಗಿಸಿದೆ.

ಟೈಟಲ್ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು, ಯಾಕೆಂದರೆ ಕಡಿಮೆ ಶ್ರಮಕ್ಕೆ ಹೆಚ್ಚು ಫಲ ಸಿಗುವುದು ಅಲ್ಲೇ. ಟೈಟಲ್ ಅಂದರೆ ಪೇಜಿನ ಮೇಲೆ ಕಾಣುವ ದಪ್ಪಕ್ಷರ ಅಲ್ಲ. ಪೇಜಿನ ಕೋಡಿನಲ್ಲಿ ಟೈಟಲ್ ಟ್ಯಾಗಿನೊಳಗೆ ಬರೆಯುವ ಸಾಲು, ಗೂಗಲ್ ಫಲಿತಾಂಶದಲ್ಲಿ ನೀಲಿಯಾಗಿ ಒತ್ತಲು ಸಿಗುವ ಸಾಲು ಸಾಮಾನ್ಯವಾಗಿ ಅಲ್ಲಿಂದಲೇ ಬರುವುದು. ಗೌಡರ ಪೇಜಿನ ಟೈಟಲ್ "ಹೋಮ್". ಬಸ್ ಸ್ಟ್ಯಾಂಡಿನಲ್ಲಿ ನಿಂತ ಬಸ್ಸಿನ ಬೋರ್ಡಿನಲ್ಲಿ ಊರಿನ ಹೆಸರು ಬಿಟ್ಟು "ಬಸ್ಸು" ಅಂತ ಬರೆದರೆ ಯಾರು ಹತ್ತುತ್ತಾರೆ? ನಾನು ಹಾಕಿದ್ದು ಈ ಕ್ರಮದಲ್ಲಿ: ಮಂಟಪದ ಹೆಸರು, ಕಲ್ಯಾಣ ಮಂಟಪ ಎಂಬ ಮಾತು, ರಸ್ತೆ, ದಾವಣಗೆರೆ, ಕೊನೆಗೆ "ಊಟದ ಹಾಲ್, ರೂಮು, ಪಾರ್ಕಿಂಗ್ ವಿವರ". ಮುಖ್ಯವಾದದ್ದು ಮೊದಲು ಬರಲಿ. ಇಷ್ಟೇ ಅಕ್ಷರ ಅಂತ ಗೂಗಲ್ ಕಾನೂನು ಮಾಡಿಲ್ಲ, ಆದರೆ ಮೊಬೈಲಿನ ಅಗಲಕ್ಕೆ ತಕ್ಕಂತೆ ಬಾಲ ಕತ್ತರಿಸುತ್ತದೆ.

ನೀವು ಬರೆದ ಟೈಟಲನ್ನೇ ಗೂಗಲ್ ತೋರಿಸುತ್ತದೆ ಅನ್ನುವ ಹಟವೂ ಬೇಡ. 2021ರ ಆಗಸ್ಟ್‌ನಲ್ಲಿ ಅದು ತನ್ನ ಪದ್ಧತಿ ಬದಲಿಸಿತು. ಟೈಟಲ್ ತೀರಾ ಉದ್ದ, ತೀರಾ ಪೊಳ್ಳು, ಅಥವಾ ಎಲ್ಲ ಪೇಜಿಗೂ ಒಂದೇ ಆಗಿದ್ದರೆ ಪೇಜಿನ ಮುಖ್ಯ ಶೀರ್ಷಿಕೆಯಿಂದಲೋ ಬೇರೆ ಕಡೆಯಿಂದಲೋ ತಾನೇ ಒಂದನ್ನು ಎತ್ತಿ ಹಾಕುತ್ತದೆ. ಹಾಗಾಗಿ ಟೈಟಲ್ ಟ್ಯಾಗು, ಕೋಡಿನಲ್ಲಿ ಎಚ್1 ಅನ್ನುವ ಆ ಮುಖ್ಯ ಶೀರ್ಷಿಕೆ ಎರಡೂ ಒಂದೇ ಮಾತು ಹೇಳುತ್ತಿರಲಿ. ಕೋಡಿನಲ್ಲಿ ಪೇಜಿನ ಸಾರಾಂಶ ಬರೆಯುವ ಮೆಟಾ ಡಿಸ್ಕ್ರಿಪ್ಶನ್‌ನಿಂದ ರ‍್ಯಾಂಕ್ ಏರುವುದಿಲ್ಲ. ಆದರೆ ಟೈಟಲ್ ಕೆಳಗಿನ ಎರಡು ಸಾಲು ಎಷ್ಟೋ ಸಲ ಅದರಿಂದಲೇ ಬರುತ್ತದೆ, ಜನ ಒತ್ತುವುದೋ ಬಿಡುವುದೋ ಅಲ್ಲಿ ನಿರ್ಧಾರವಾಗುತ್ತದೆ. ಅದರಲ್ಲಿಯೂ ಎಲೆ, ಪಾತ್ರೆ, ಪಾರ್ಕಿಂಗ್ ಬರೆದೆ.

ಗೌಡರಿಗೆ ಮೊದಲು ಈ ಸೈಟ್ ನೋಡಿಕೊಳ್ಳುತ್ತಿದ್ದ ಒಂದು ಏಜೆನ್ಸಿ ಇತ್ತು. ತಿಂಗಳಿಗೆ ಇಷ್ಟು ಅಂತ ತಪ್ಪದೆ ವಸೂಲಿ. ಅವರು ಮಾಡಿದ ಕೆಲಸ ಕೋಡ್ ತೆರೆದ ಮೇಲೆ ಕಂಡಿತು. ಪೇಜಿನ ತಳದಲ್ಲಿ ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ "ಬೆಸ್ಟ್ ಮ್ಯಾರೇಜ್ ಹಾಲ್ ದಾವಣಗೆರೆ" ಅನ್ನುವ ಮಾತು ಜಪಮಾಲೆಯಂತೆ ಸಾಲು ಸಾಲು. ಮನುಷ್ಯರಿಗೆ ಕಾಣದಂತೆ ಅಕ್ಷರ ಬಚ್ಚಿಡುವುದು ಗೂಗಲ್ ನಿಯಮದ ಪ್ರಕಾರ ನೇರ ಸ್ಪ್ಯಾಮ್. ಹುಡುಕಾಟದ ಪದಗಳನ್ನು ಕೋಡಿನಲ್ಲಿ ಪಟ್ಟಿ ಮಾಡುವ ಕೀವರ್ಡ್ಸ್ ಮೆಟಾ ಟ್ಯಾಗಿನಲ್ಲೂ ಪದಗಳ ಮೂಟೆ. ಆ ಟ್ಯಾಗನ್ನು ರ‍್ಯಾಂಕಿಂಗ್‌ಗೆ ಬಳಸುವುದಿಲ್ಲ ಅಂತ ಗೂಗಲ್ 2009ರಲ್ಲೇ ಬಹಿರಂಗವಾಗಿ ಹೇಳಿದೆ. ಇಷ್ಟು ವರ್ಷ ಕಳೆದ ಮೇಲೂ ಅದಕ್ಕೆ ದುಡ್ಡು ಇಸಿದುಕೊಳ್ಳುವವರಿದ್ದಾರೆ.

ಎಲ್ಲಕ್ಕಿಂತ ಮಜಾ ಇದ್ದದ್ದು ಊರಿಗೊಂದು ಪೇಜು. "ಹರಿಹರದಲ್ಲಿ ಕಲ್ಯಾಣ ಮಂಟಪ", "ಹೊನ್ನಾಳಿಯಲ್ಲಿ ಕಲ್ಯಾಣ ಮಂಟಪ", "ಚನ್ನಗಿರಿಯಲ್ಲಿ", "ನ್ಯಾಮತಿಯಲ್ಲಿ", ಎಲ್ಲದರಲ್ಲೂ ಅಕ್ಷರಶಃ ಒಂದೇ ಬರಹ, ಊರಿನ ಹೆಸರು ಮಾತ್ರ ಬೇರೆ. ಮಂಟಪ ಇರುವುದು ದಾವಣಗೆರೆಯಲ್ಲಿ ಒಂದೇ! "ದಾವಣಗೆರೆ ಜಿಲ್ಲೆಯ ಹರಪನಹಳ್ಳಿಯಲ್ಲಿ" ಅಂತಲೂ ಒಂದಿತ್ತು. ಹರಪನಹಳ್ಳಿ 2018ರಲ್ಲೇ ಬಳ್ಳಾರಿಗೆ ವಾಪಸ್ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಇಂಥ ಪೇಜುಗಳಿಗೆ ಗೂಗಲ್ ಡೋರ್‌ವೇ ಅನ್ನುತ್ತದೆ, ಇವೂ ಸ್ಪ್ಯಾಮ್ ಪಟ್ಟಿಯಲ್ಲೇ ಬರುತ್ತವೆ. ಎಲ್ಲ ಕಿತ್ತುಹಾಕಿ, ಆ ವಿಳಾಸಗಳನ್ನು ಮುಖ್ಯ ಪೇಜಿಗೆ ರೀಡೈರೆಕ್ಟ್ ಮಾಡಿದೆ. ಹರಿಹರದವರಿಗೆ, ಹೊನ್ನಾಳಿಯವರಿಗೆ ನಿಜವಾಗಿ ಬೇಕಿದ್ದದ್ದು ಬಸ್ ಎಲ್ಲಿ ಇಳಿಯಬೇಕು, ಅಲ್ಲಿಂದ ಮಂಟಪಕ್ಕೆ ಹೇಗೆ ಬರಬೇಕು ಅನ್ನುವುದು. ಅದನ್ನು ಒಂದು ಪ್ಯಾರಾದಲ್ಲಿ ಬರೆದೆ.

ಭಾಷೆಯ ವಿಚಾರ. ಸರ್ಚ್ ಕನ್ಸೋಲ್ ಅನ್ನುವ ಗೂಗಲ್‌ನ ಉಚಿತ ಸಾಧನದಲ್ಲಿ, ನಮ್ಮ ಪೇಜು ಯಾವ ಹುಡುಕಾಟಕ್ಕೆ ಕಾಣಿಸಿತು, ಎಷ್ಟು ಜನ ಒತ್ತಿದರು ಅನ್ನುವ ಲೆಕ್ಕ ಹಿಂದಿನ 16 ತಿಂಗಳದ್ದು ಸಿಗುತ್ತದೆ. ಸೈಟ್ ಇಟ್ಟುಕೊಂಡವರು ಬೇರೇನೂ ಮಾಡದಿದ್ದರೂ ಅದೊಂದನ್ನು ಜೋಡಿಸಿಕೊಳ್ಳಿ. ಅಲ್ಲಿ ನೋಡಿದರೆ ನಮ್ಮ ಜನ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವುದು ಹೆಚ್ಚು. ಕನ್ನಡ ಅಕ್ಷರದ ಹುಡುಕಾಟವೂ ಇದೆ. ಮೈಕ್ ಒತ್ತಿ ಮಾತಾಡುವವರದ್ದು ಇರಬೇಕು, ಸಾಲುಗಳು ಉದ್ದವಾಗಿ, ಮನೆಮಾತಿನ ಹಾಗೆಯೇ ಇರುತ್ತವೆ. ಕನ್ನಡ, ಇಂಗ್ಲಿಷ್ ಎರಡನ್ನೂ ಒಂದೇ ಪೇಜಿನಲ್ಲಿ ಕಲಸಿದರೆ ಓದುವವರಿಗೂ ಹಿಂಸೆ, ಗೂಗಲ್‌ಗೂ ಗೊಂದಲ. ಪೇಜಿನ ಭಾಷೆ ಯಾವುದು ಅಂತ ಅದು ತೀರ್ಮಾನಿಸುವುದು ಕಣ್ಣಿಗೆ ಕಾಣುವ ಬರಹ ನೋಡಿ. ಹಾಗಾಗಿ ಕನ್ನಡಕ್ಕೊಂದು ಪೇಜು, ಇಂಗ್ಲಿಷಿಗೊಂದು ಪೇಜು ಮಾಡಿ, ಇದು ಅದರ ಜೋಡಿ ಅಂತ ತಿಳಿಸುವ ಎಚ್‌ರೆಫ್‌ಲ್ಯಾಂಗ್ ಗುರುತು ಎರಡರಲ್ಲೂ ಹಾಕಿದೆ. ಇಂಗ್ಲಿಷಿನಲ್ಲಿ ನಮ್ಮೂರಿನ ಹೆಸರನ್ನು ಜನ ಎರಡು ಥರ ಬರೆಯುತ್ತಾರೆ, ನಡುವೆ ಒಂದು "ಎ" ಇಟ್ಟು, ಬಿಟ್ಟು. ಎರಡೂ ಒಂದೇ ಊರು ಅಂತ ಗೂಗಲ್‌ಗೆ ಗೊತ್ತು, ಸಾಲಿಗೆರಡು ಸಲ ತುರುಕುವ ಅಗತ್ಯವಿಲ್ಲ.

ಪೇಜಿನ ವಿಳಾಸವನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಚಿಕ್ಕದಾಗಿ ಇಡುತ್ತೇನೆ. ಕನ್ನಡ ಅಕ್ಷರದ ವಿಳಾಸ ಗೂಗಲ್‌ಗೆ ತೊಂದರೆಯಲ್ಲ. ಆದರೆ ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದಾಗ ಒಂದೊಂದು ಅಕ್ಷರ, ಒಂದೊಂದು ಗುಣಿತದ ಚಿಹ್ನೆಯೂ ಶೇಕಡಾ ಗುರುತು ಸೇರಿದ ಒಂಬತ್ತು ಅಕ್ಷರಗಳಾಗಿ ಬಿಚ್ಚಿಕೊಳ್ಳುತ್ತದೆ. "ದಾವಣಗೆರೆ" ಒಂದೇ ಪದ 72 ಅಕ್ಷರ ಹಿಡಿಯುತ್ತದೆ. ಅಂಥ ಲಿಂಕ್ ಕಂಡರೆ ನಮ್ಮತ್ತೆ "ಇದ್ಯಾವ್ದೋ ವೈರಸ್ಸು" ಅಂತ ಡಿಲೀಟ್ ಮಾಡುತ್ತಾರೆ.

ಇನ್ನು ಫೋಟೋ. ಮದುವೆ ಫೋಟೋಗ್ರಾಫರ್ ಕೊಟ್ಟ ಚಿತ್ರಗಳನ್ನು ಕ್ಯಾಮೆರಾದಿಂದ ಬಂದ ಹಾಗೇ ಏರಿಸಿದ್ದರು, ಆಲ್ಬಮ್ಮಿಗೆ ಪ್ರಿಂಟ್ ಹಾಕುವ ಗಾತ್ರದ್ದು. ಹಳ್ಳಿಯಲ್ಲಿ ಒಂದು ಕಡ್ಡಿ ಸಿಗ್ನಲ್ ಇಟ್ಟುಕೊಂಡು ತೆರೆದವರು ಮೊದಲ ಫೋಟೋ ಬರುವಷ್ಟರಲ್ಲಿ ಹಿಂದಕ್ಕೆ ಹೋಗಿರುತ್ತಾರೆ. ಪೇಜಿನ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್‌ನ ಅಳತೆ. ಒತ್ತಿದ ಬಟನ್ 200 ಮಿಲಿಸೆಕೆಂಡಿನೊಳಗೆ ಸ್ಪಂದಿಸಬೇಕು ಅನ್ನುವುದು ಇನ್ನೊಂದು, 2024ರ ಮಾರ್ಚ್‌ನಲ್ಲಿ ಸೇರಿದ್ದು. ಮೂರನೆಯದು ಪೇಜು ಕುಣಿಯಬಾರದು ಅನ್ನುವುದು. ಇದನ್ನು ಗೌಡರ ಫೋನಿನಲ್ಲೇ ತೋರಿಸಿದೆ. ಅವರು "ಸಂಪರ್ಕಿಸಿ" ಒತ್ತಲು ಬೆರಳು ಇಳಿಸುವ ಹೊತ್ತಿಗೆ ಮೇಲೊಂದು ಫೋಟೋ ಬಂದು ಕೂತು, ಎಲ್ಲ ಕೆಳಗೆ ಜಾರಿ, ಬೆರಳು ಬಿದ್ದದ್ದು "ಗ್ಯಾಲರಿ" ಮೇಲೆ. "ಥೂ ಇದರ!" ಅಂದರು. ಕೋಡಿನಲ್ಲಿ ಪ್ರತಿ ಫೋಟೋದ ಅಗಲ, ಎತ್ತರ ಬರೆದಿಟ್ಟರೆ ಬ್ರೌಸರ್ ಮೊದಲೇ ಜಾಗ ಬಿಟ್ಟುಕೊಳ್ಳುತ್ತದೆ, ಜಾರುವುದು ನಿಲ್ಲುತ್ತದೆ. ಫೋಟೋಗಳನ್ನು ಮೊಬೈಲಿಗೆ ಸಾಕಾಗುವ ಗಾತ್ರಕ್ಕಿಳಿಸಿ, ವೆಬ್‌ಪಿ ಅನ್ನುವ ಹಗುರ ಫೈಲುಗಳಾಗಿ ಮಾಡಿದೆ. ಕೆಳಗಿನವು ಆಮೇಲೆ ಬರಲಿ ಅಂತ ಲೇಜಿ ಲೋಡಿಂಗ್ ಕೊಟ್ಟೆ. ಮೇಲಿನ ಮೊದಲ ಫೋಟೋಗೆ ಅದನ್ನು ಕೊಡಬಾರದು, ಕೊಟ್ಟರೆ ಅದೇ ತಡವಾಗುತ್ತದೆ.

ವೇಗ ಹೆಚ್ಚಿಸಿದರೆ ಮೇಲೇರಿಬಿಡುತ್ತೇವೆ ಅಂತ ತಿಳಿಯಬೇಡಿ. ಉತ್ತರವಿಲ್ಲದ ಪೇಜು ಮಿಂಚಿನಂತೆ ತೆರೆದರೂ ಉತ್ತರವಿಲ್ಲದ ಪೇಜೇ.

ಪ್ರತಿ ಫೋಟೋಗೆ, ಅದರಲ್ಲಿ ಏನಿದೆ ಅಂತ ಕೋಡಿನಲ್ಲಿ ಹೇಳುವ ಆಲ್ಟ್ ಬರಹವೂ ಬೇಕು. ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ ಓದಿ ಹೇಳುವುದು ಅದನ್ನೇ, ಗೂಗಲ್ ಚಿತ್ರ ಅರ್ಥ ಮಾಡಿಕೊಳ್ಳಲು ನೋಡುವುದೂ ಅದನ್ನು. "ಊಟದ ಹಾಲ್, ಎಲೆ ಹಾಕಿದ ಉದ್ದ ಟೇಬಲ್ ಸಾಲುಗಳು" ಅಂದರೆ ಆಯಿತು. ಕಂಪ್ಯೂಟರಿನಲ್ಲಿ ಕಾಣುವುದೆಲ್ಲ ಮೊಬೈಲಿನಲ್ಲೂ ಇದೆಯಾ ನೋಡಿಕೊಳ್ಳಿ. ಗೂಗಲ್ ಈಗ ಮೊಬೈಲ್ ಆವೃತ್ತಿಯನ್ನೇ ಮುಖ್ಯವಾಗಿ ಓದುತ್ತದೆ, ಆ ಬದಲಾವಣೆ 2023ಕ್ಕೆ ಪೂರ್ತಿಯಾಯಿತು. "ಇಲ್ಲಿ ಕ್ಲಿಕ್ ಮಾಡಿ" ಅನ್ನುವ ಲಿಂಕ್‌ಗಳನ್ನೆಲ್ಲ "ರೂಮುಗಳ ವಿವರ", "ಬರುವ ದಾರಿ" ಅಂತ ಬದಲಿಸಿದೆ. ವಿಳಾಸ, ಫೋನು, ಸಮಯಗಳನ್ನು ಸ್ಕೀಮಾ ಕೋಡಿನಲ್ಲೂ, ಅಂದರೆ ಯಾವುದು ಏನು ಅಂತ ಸರ್ಚ್ ಎಂಜಿನ್‌ಗೆ ಬಿಡಿಸಿ ಹೇಳುವ ಕೋಡಿನಲ್ಲೂ ಬರೆದೆ. ಪೇಜಿನಲ್ಲಿ ಕಾಣದ್ದನ್ನು ಸ್ಕೀಮಾದಲ್ಲಿ ಹಾಕಬಾರದು. ಪ್ರಶ್ನೋತ್ತರದ ಸ್ಕೀಮಾ ಹಾಕಿದರೆ ಗೂಗಲ್‌ನಲ್ಲಿ ಬಿಚ್ಚಿಕೊಳ್ಳುವ ಪ್ರಶ್ನೆಗಳು ಬರುತ್ತವೆ ಅಂತ ಈಗಲೂ ಮಾರುವವರಿದ್ದಾರೆ. 2023ರ ಆಗಸ್ಟ್‌ನಲ್ಲೇ ಗೂಗಲ್ ಅದನ್ನು ಹೆಸರುವಾಸಿ ಸರ್ಕಾರಿ ಮತ್ತು ಆರೋಗ್ಯ ಸೈಟುಗಳಿಗಷ್ಟೇ ಸೀಮಿತ ಮಾಡಿತು.

ಬೇರೆಯವರ ಪೇಜಿನಲ್ಲಿ ಇಲ್ಲದ್ದು ನಿಮ್ಮಲ್ಲಿ ಏನಿದೆ ಅನ್ನುವುದನ್ನೂ ಕೇಳಿಕೊಳ್ಳಬೇಕು. ಚಿತ್ರದುರ್ಗದ ಗೆಳತಿಯೊಬ್ಬಳು ಕೋಟೆ ಬಗ್ಗೆ ಪೇಜ್ ಬರೆದು, ಯಾರೂ ಬರುತ್ತಿಲ್ಲ ಅಂತ ತೋರಿಸಿದಳು. ಏಳು ಸುತ್ತಿನ ಕೋಟೆ, ಮದಕರಿ ನಾಯಕ, ಓಬವ್ವನ ಒನಕೆ. ಎಲ್ಲರೂ ಎಲ್ಲರಿಂದ ನಕಲು ಹೊಡೆದ ಅದೇ ಸಾಲುಗಳು. "ನೀನು ಕೋಟೆ ಬುಡದಲ್ಲೇ ಬೆಳೆದವಳು ಕಣೇ, ನಿಮ್ಮನೆಗೆ ನೆಂಟರು ಬಂದ್ರೆ ಏನ್ ಹೇಳಿ ಕಳಿಸ್ತೀಯ, ಅದನ್ನ ಬರಿ" ಅಂದೆ. ಬಿಸಿಲೇರುವ ಮುಂಚೆ ಹೋಗಿ, ಬಂಡೆ ಕಾದ ಮೇಲೆ ಹತ್ತಲು ಆಗಲ್ಲ. ಮಂಡಿ ನೋವಿರುವವರು ಎಲ್ಲಿವರೆಗೆ ಹೋಗಬಹುದು. ನೀರು ಕೆಳಗೇ ತಗೊಳ್ಳಿ. ಕೋತಿಗಳಿವೆ, ಕೈಯಲ್ಲಿ ತಿಂಡಿ ಹಿಡಿದು ನಡೆಯಬೇಡಿ. ಓಬವ್ವನ ಕಿಂಡಿಗೆ ಯಾವ ಕಡೆಯಿಂದ ಇಳಿಯಬೇಕು. ಇತಿಹಾಸವನ್ನು ಎರಡೇ ಪ್ಯಾರಾಕ್ಕೆ ಇಳಿಸಿದಳು. ಈಗ "ಕೋಟೆ ಹತ್ತಲು ಎಷ್ಟು ಹೊತ್ತು" ಅಂತ ಹುಡುಕುವವರು ಆ ಪೇಜಿಗೆ ಬರುತ್ತಾರೆ.

ಗೌಡರ ಪೇಜಿಗೆ ಮರಳಿದರೆ, ಹೊಸದನ್ನು ಏರಿಸಿ, ಸರ್ಚ್ ಕನ್ಸೋಲಿನಲ್ಲಿ ಆ ವಿಳಾಸ ಕೊಟ್ಟು ಮತ್ತೊಮ್ಮೆ ಓದಲು ಕೋರಿಕೆ ಹಾಕಿದೆ. ಒಂದು ಸಲ ಕೋರಿದರೆ ಸಾಕು, ಮತ್ತೆ ಮತ್ತೆ ಒತ್ತಿದರೆ ಬೇಗ ಆಗುವುದಿಲ್ಲ. ಕೆಲವು ದಿನವೂ ಆಗಬಹುದು, ಕೆಲವು ವಾರವೂ ಆಗಬಹುದು. ಕಾದಿದ್ದಕ್ಕೆ ಫಲ ಸಿಕ್ಕಿತು. ಪಂಕ್ತಿ, ಪಾರ್ಕಿಂಗ್, ರೂಮು, ಬೀಗರೂಟದ ಹುಡುಕಾಟಗಳಿಗೆ ಪೇಜು ಮೇಲೆ ಬರತೊಡಗಿತು, ಜನ ಒತ್ತಿ ಒಳಗೂ ಬಂದರು. ಫೋನ್ ಮಾಡುವವರು ಈಗ ತಾರೀಖು ಹೇಳಿಯೇ ಮಾತು ಶುರು ಮಾಡುತ್ತಾರೆ ಅಂತ ಮ್ಯಾನೇಜರ್ ಹೇಳಿದರು.

ಒಂದು ಮಾತ್ರ ಹಾಗೇ ಉಳಿದಿದೆ. ಸರ್ಚ್ ಕನ್ಸೋಲಿನಲ್ಲಿ ಎಲ್ಲಕ್ಕಿಂತ ಮೇಲಿರುವ ಹುಡುಕಾಟ ಬಾಡಿಗೆಯದ್ದು. ಆ ಸಾಲಿನಲ್ಲಿ ನಮ್ಮ ಪೇಜು ಕಾಣಿಸಿಕೊಂಡದ್ದು ಬಹಳ, ಒತ್ತಿದವರು ಬೆರಳೆಣಿಕೆ. ಒತ್ತಿದರೂ ಒಳಗೆ ಉತ್ತರವಿಲ್ಲ. ಗೌಡರಿಗೆ ತೋರಿಸಿದೆ.

"ರೇಟ್ ಹಾಕಿದ್ರೆ ಪಕ್ಕದ ಮಂಟಪದವ್ನು ಐದು ಸಾವಿರ ಕಮ್ಮಿ ಮಾಡಿ ಕೂರ್ತಾನೆ. ಆಮೇಲೆ ನೆಂಟ್ರಿಗೊಂದು ರೇಟು, ಊರೋರ್ಗೊಂದು ರೇಟು ಇರ್ತೈತಿ. ಅದನ್ನೆಲ್ಲ ಗೂಗಲ್‌ಗೆ ಹೇಳಾಕಾಗುತ್ತೇನಮ್ಮಾ?"

"ಪೂರ್ತಿ ಹೇಳ್ಬೇಡ್ರಿ ಗೌಡ್ರೇ. ಇಷ್ಟರಿಂದ ಇಷ್ಟು ಅಂತ ಹಾಕಿ. ಡೀಸೆಲ್ ಸೇರಿದ್ಯಾ, ಕ್ಲೀನಿಂಗ್ ಸೇರಿದ್ಯಾ, ಅದನ್ನಾದ್ರೂ ಹಾಕಿ."

"ನೋಡಾನ ತಡಿ."

ಕ್ಲೀನಿಂಗ್ ಸೇರಿದೆ ಅನ್ನುವಷ್ಟಕ್ಕೆ ಒಪ್ಪಿದ್ದಾರೆ. ಬಾಡಿಗೆ ಅನ್ನುವ ಉಪಶೀರ್ಷಿಕೆಯ ಕೆಳಗೆ ಆ ಒಂದೇ ಸಾಲಿದೆ, ಪಕ್ಕದಲ್ಲಿ ಒತ್ತಿದರೆ ಕರೆ ಹೋಗುವ ನಂಬರ್. ಆಷಾಢದಲ್ಲಿ ಇನ್ನೊಂದು ಸಲ ಕೇಳಬೇಕು. ಆಗ ಮದುವೆ ಇರುವುದಿಲ್ಲ, ಗೌಡರು ಮಾತಿಗೆ ಸಿಗುತ್ತಾರೆ.